ಗಾಳಿಯ ಇಂಗಾಲದಿಂದ ಇಂಧನ: ಕಬ್ಬಿನ ನಾಡಿನಲ್ಲಿ ಹೇಗೆ ಮಾಡಬಹುದು?

ಇಂಧನ ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಮೊದಲು ಗಾಳಿಯಿಂದಲೇ ತೆಗೆದದ್ದಾಗಿದ್ದರೆ ಲೆಕ್ಕ ಸರಿಹೋಗುತ್ತದೆ. ಇಂಗಾಲ ತಟಸ್ಥ ಇಂಧನ ಎಂದರೆ ಇದೇ. ಈ ಕೆಲಸದ ಅತಿ ಕಷ್ಟದ ಪಾಲನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬಿನ ಹೊಲಗಳು ವರ್ಷವರ್ಷವೂ ಮಾಡಿಕೊಡುತ್ತಿವೆ. ಇಂಧನವಾಗಿ ಉರಿಸಬಹುದಾದ ಒಂದು ಬಗೆಯ ಆಲ್ಕೋಹಾಲ್ ಆದ ಮೆಥನಾಲ್‌ನ ತಯಾರಿಕೆಯನ್ನೇ ನೋಡೋಣ.

ಹಂತ 1: ಅನಿಲ ಹಿಡಿಯುವುದು
ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ಇರುವುದು ಸುಮಾರು ಶೇ 0.04 ಮಾತ್ರ. 1 ಕಿಲೋ ಮೆಥನಾಲ್‌ಗೆ ಸುಮಾರು 1.4 ಕಿಲೋ ಅನಿಲ ಬೇಕು. ಅದಕ್ಕಾಗಿ ಹತ್ತಿರಹತ್ತಿರ 1,800 ಘನ ಮೀಟರ್ ಗಾಳಿಯನ್ನು ಸೋಸಬೇಕು. ಒಂದು ವಿಧಾನದಲ್ಲಿ, ದೊಡ್ಡ ಫ್ಯಾನ್‌ಗಳಿಂದ ಎಳೆದ ಗಾಳಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ತಾಗಿಸುತ್ತಾರೆ. ಅದು ಹೀರಿಕೊಂಡ ಅನಿಲ ಸುಣ್ಣದೊಂದಿಗೆ ಸೇರಿ ಸುಣ್ಣದ ಕಲ್ಲಿನ ಹರಳಾಗುತ್ತದೆ. ಹರಳನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅನಿಲ ಬೇರೆಯಾಗುತ್ತದೆ, ಸುಣ್ಣ ಮರುಬಳಕೆಗೆ ಬರುತ್ತದೆ. ಶಾಖ ಮತ್ತು ಹಣ ಎರಡನ್ನೂ ಬಹಳ ಬೇಡುವ ದಾರಿ ಇದು.

ನಮ್ಮಲ್ಲಿ ಇಷ್ಟು ಸುತ್ತಾಟ ಬೇಡ. ಕಬ್ಬು ಬೆಳೆಯುವಾಗಲೇ ಗಾಳಿಯಿಂದ ಈ ಅನಿಲವನ್ನು ಹೀರಿಕೊಂಡಿರುತ್ತದೆ. ಡಿಸ್ಟಿಲರಿಯಲ್ಲಿ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ) ಹುದುಗಿ ಎಥೆನಾಲ್ ಆಗುವಾಗ, ಎಥೆನಾಲ್‌ನ ತೂಕಕ್ಕೆ ಹೆಚ್ಚುಕಡಿಮೆ ಸಮನಾಗಿ ಇದೇ ಅನಿಲ ಬಹುತೇಕ ಶುದ್ಧ ರೂಪದಲ್ಲಿ ಹೊರಬರುತ್ತದೆ. ಹುದುಗು ತೊಟ್ಟಿಗೆ ಮುಚ್ಚಳ ಹಾಕಿ, ತೊಳೆದು, ಒಣಗಿಸಿ, ಒತ್ತಿ ತುಂಬಿದರಾಯಿತು. ಅದನ್ನು ಗಾಳಿಗೆ ಬಿಡುವುದು ನನಗಂತೂ ದೊಡ್ಡ ನಷ್ಟವಾಗಿ ಕಾಣುತ್ತದೆ. ವಿಜಯಪುರ ಜಿಲ್ಲೆಯ ಕೂಡಗಿಯ ವಿದ್ಯುತ್ ಸ್ಥಾವರದ ಹೊಗೆಯಲ್ಲೂ ಈ ಅನಿಲ ಉಂಟಲ್ಲ ಎನ್ನಬಹುದು. ಅದು ಕಲ್ಲಿದ್ದಲಿನ ಇಂಗಾಲ; ಅದರಿಂದ ಮಾಡಿದ ಇಂಧನ ತಟಸ್ಥವಾಗದು.

ಹಂತ 2: ಜಲಜನಕ
ಮೆಥನಾಲ್‌ಗೆ ಬೇಕಾದ ಇನ್ನೊಂದು ಅನಿಲ ಜಲಜನಕ (ಹೈಡ್ರೋಜನ್). ಅದಕ್ಕಾಗಿ ನೀರನ್ನು ವಿದ್ಯುತ್ತಿನಿಂದ ಒಡೆಯಬೇಕು. 1 ಕಿಲೋ ಜಲಜನಕಕ್ಕೆ 50 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಅಂದರೆ 1 ಕಿಲೋ ಮೆಥನಾಲ್‌ಗೆ ಸುಮಾರು 10 ಯೂನಿಟ್. ಆ ಮೆಥನಾಲ್ ಉರಿಸಿದರೆ ಸಿಗುವ ಶಕ್ತಿಯಾದರೋ ಐದೂವರೆ ಯೂನಿಟ್. ಆದ್ದರಿಂದ ಬಿಸಿಲು, ಗಾಳಿಯ ವಿದ್ಯುತ್ ಮಿಕ್ಕಾಗ ಮಾತ್ರ ಇದು ಸರಿ. ನೀರಿನ ಬರ ಕಂಡ ವಿಜಯಪುರದವರು ಕೇಳಲೇಬೇಕಾದ ಪ್ರಶ್ನೆಯೂ ಇದೆ: ನೀರೆಷ್ಟು? ಒಡೆಯುವುದಕ್ಕೆ ಕಿಲೋ ಮೆಥನಾಲ್‌ಗೆ ಸುಮಾರು 1.7 ಲೀಟರ್ ಬೇಕು, ಅದರ ಮೂರನೇ ಒಂದು ಪಾಲು ಮುಂದಿನ ಹಂತದಲ್ಲಿ ಮರಳಿ ಸಿಗುತ್ತದೆ. ಯಂತ್ರ ತಂಪಾಗಿಸುವ ನೀರು ಬೇರೆ.

ಹಂತ 3: ಕೂಡಿಸುವುದು
ಎರಡೂ ಅನಿಲಗಳನ್ನು 50ರಿಂದ 100 ಬಾರ್ ಒತ್ತಡದಲ್ಲಿ (1 ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ), 200ರಿಂದ 300 ಡಿಗ್ರಿ ಶಾಖದಲ್ಲಿ ತಾಮ್ರ ಮತ್ತು ಸತುವಿನ ಆಕ್ಸೈಡ್ ಇರುವ ವೇಗವರ್ಧಕದ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಮೇಲೆ ಹಾಯಿಸುತ್ತಾರೆ. ಒಮ್ಮೆಗೇ ಎಲ್ಲವೂ ಕೂಡುವುದಿಲ್ಲ. ಉಳಿದ ಅನಿಲವನ್ನು ಮತ್ತೆ ಮತ್ತೆ ತಿರುಗಿಸಬೇಕು. ಕೊನೆಗೆ ಬರುವ ಮೆಥನಾಲ್ ಮತ್ತು ನೀರಿನ ಮಿಶ್ರಣವನ್ನು ಭಟ್ಟಿ ಇಳಿಸಿ ಬೇರ್ಪಡಿಸುತ್ತಾರೆ. ಈ ಕೆಲಸ ಡಿಸ್ಟಿಲರಿಯವರಿಗೆ ಕಲಿಸಬೇಕಾದದ್ದಲ್ಲ.

ಬಳಕೆ
ಶೇ 15ರಷ್ಟು ಮೆಥನಾಲ್ ಬೆರೆಸಿದ ಪೆಟ್ರೋಲ್ 2022ರಲ್ಲಿ ಅಸ್ಸಾಮಿನ ತಿನ್ಸುಕಿಯಾದಲ್ಲಿ ಪ್ರಾಯೋಗಿಕವಾಗಿ ಮಾರಾಟಕ್ಕೆ ಬಂದಿತ್ತು. ಆದರೆ ಮೆಥನಾಲ್ ಕಡು ವಿಷ. ಸ್ವಲ್ಪ ಕುಡಿದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಎಥೆನಾಲ್ ಇರುವ ಆವರಣದಲ್ಲಿ ಇದಕ್ಕೆ ಬೇರೆಯೇ ಟ್ಯಾಂಕ್, ಬೇರೆಯೇ ಪೈಪು, ಬೀಗ ಹಾಕಿದ ವಾಲ್ವ್ ಇರಲೇಬೇಕು.