ಗಸ್ತು ವಾಹನದಲ್ಲಿ ಎಇಡಿ: ಬಳಸುವ ಕ್ರಮ, ಕಾಪಾಡುವ ಕ್ರಮ

ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ನಗರದಲ್ಲಿ 1990ರಿಂದ ಪೊಲೀಸ್ ಗಸ್ತು ವಾಹನಗಳು ಎಇಡಿ ಎಂಬ, ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಸ್ವಯಂಚಾಲಿತ ಡಿಫಿಬ್ರಿಲೇಟರನ್ನು ಹೊತ್ತು ಓಡಾಡುತ್ತಿವೆ. ಅಲ್ಲಿನ ಮೇಯೊ ಕ್ಲಿನಿಕ್‌ನ ವೈದ್ಯ ರೋಜರ್ ವೈಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಯಂತ್ರದ ವಿದ್ಯುತ್ ಆಘಾತ ಪಡೆದ 84 ಮಂದಿಯ ಲೆಕ್ಕವಿದೆ. ಅವರಲ್ಲಿ 31 ಮಂದಿಗೆ ಮೊದಲ ಆಘಾತ ಕೊಟ್ಟವರು ಪೊಲೀಸರು. ಆ 31ರಲ್ಲಿ 13 ಮಂದಿಗೆ, ಆಂಬುಲೆನ್ಸ್‌ನವರ ಮುಂದಿನ ಚಿಕಿತ್ಸೆಯೇ ಬೇಕಾಗದಂತೆ, ಆಘಾತದಿಂದಲೇ ನಾಡಿ ಮರಳಿತು; ಆ ಹದಿಮೂರೂ ಮಂದಿ ಆಸ್ಪತ್ರೆಯಿಂದ ಬದುಕಿ ಹೊರಬಂದರು. ಒಟ್ಟಾರೆಯಾಗಿ 84ರಲ್ಲಿ ಉಳಿದವರು 41 ಮಂದಿ. ಈ ಅಂಕಿಗಳ ಹಿಂದೆ ಯಂತ್ರದಷ್ಟೇ ಮುಖ್ಯವಾದ ಇನ್ನೊಂದು ಏರ್ಪಾಡಿತ್ತು: ಕರೆ ಬಂದ ಕೂಡಲೇ ಆಂಬುಲೆನ್ಸ್‌ಗೂ ಪೊಲೀಸ್ ವಾಹನಕ್ಕೂ ಏಕಕಾಲದಲ್ಲಿ ಸೂಚನೆ ಹೋಗುತ್ತಿತ್ತು.

ನಮ್ಮಲ್ಲಿಯೂ 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಈ ಯಂತ್ರದ ಹೆಸರು ಜನರ ಬಾಯಲ್ಲಿ ಬಂತು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಎಇಡಿ ಇರಿಸುವುದೂ ಸೇರಿದೆ. ಗೋಡೆಗೆ ತೂಗುಹಾಕಿದ ಯಂತ್ರಕ್ಕೂ ಗಸ್ತು ವಾಹನದಲ್ಲಿರುವ ಯಂತ್ರಕ್ಕೂ ಬಳಕೆಯಲ್ಲಿ ವ್ಯತ್ಯಾಸವಿಲ್ಲ. ಆದರೆ ವಾಹನದ ಬಿಸಿ, ಧೂಳು, ಕುಲುಕಾಟ ಮತ್ತು ಪಾಳಿಗೊಬ್ಬರಂತೆ ಬದಲಾಗುವ ಸಿಬ್ಬಂದಿಯ ಕಾರಣದಿಂದ ಅದನ್ನು ಕಾಪಾಡುವ ಕ್ರಮ ಮಾತ್ರ ಬೇರೆಯಾಗಬೇಕಾಗುತ್ತದೆ.

ಯಂತ್ರ ಏನು ಮಾಡುತ್ತದೆ

ಹೃದಯಾಘಾತವೂ ಹೃದಯ ಸ್ತಂಭನವೂ ಒಂದೇ ಅಲ್ಲ. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಹೃದಯಾಘಾತ. ಆ ರೋಗಿ ಎದೆ ಹಿಡಿದುಕೊಂಡು ಮಾತನಾಡುತ್ತಿರಬಹುದು, ಅವರಿಗೆ ಎಇಡಿ ಹಚ್ಚುವಂತಿಲ್ಲ. ಹೃದಯ ರಕ್ತ ತಳ್ಳುವುದನ್ನೇ ನಿಲ್ಲಿಸುವುದು ಸ್ತಂಭನ. ಹಠಾತ್ ಸ್ತಂಭನಗಳಲ್ಲಿ ಹಲವು ಬಾರಿ ಹೃದಯದ ಕೆಳಕೋಣೆಗಳು ಲಯ ತಪ್ಪಿ ಸುಮ್ಮನೆ ಅದುರುತ್ತಿರುತ್ತವೆ. ವೈದ್ಯರು ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಎನ್ನುತ್ತಾರೆ. ಎಇಡಿ ಈ ಅದುರುವಿಕೆಯನ್ನು ಗುರುತಿಸಿ, ಒಂದು ವಿದ್ಯುತ್ ಆಘಾತದಿಂದ ಅದನ್ನು ತಡೆದು, ಹೃದಯ ತನ್ನ ಲಯವನ್ನು ತಾನೇ ಹಿಡಿದುಕೊಳ್ಳಲು ಎಡೆ ಮಾಡಿಕೊಡುತ್ತದೆ. ಎದೆ ಒತ್ತುವವರು ಯಾರೂ ಇಲ್ಲದಿದ್ದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಹತ್ತಿರದಲ್ಲೇ ಸುತ್ತುತ್ತಿರುವ ಗಸ್ತು ವಾಹನಕ್ಕೆ ಈ ಕೆಲಸ ಒಪ್ಪುವುದು ಇದೇ ಕಾರಣಕ್ಕೆ.

ಸ್ಥಳಕ್ಕೆ ಬಂದ ಮೇಲೆ

ಮೊದಲು ಸ್ಥಳ ಸುರಕ್ಷಿತವೇ ಎಂದು ನೋಡಬೇಕು. ಕರೆಂಟ್ ಹೊಡೆದು ಬಿದ್ದವರಾದರೆ ವಿದ್ಯುತ್ ಸಂಪರ್ಕ ಕಡಿತವಾದದ್ದು ಖಚಿತವಾಗುವ ತನಕ ಮುಟ್ಟಬಾರದು. ರಸ್ತೆಯ ನಡುವೆ ಬಿದ್ದಿದ್ದರೆ ವಾಹನವನ್ನೇ ಅಡ್ಡ ನಿಲ್ಲಿಸಿ ಸಂಚಾರ ತಡೆಯಬೇಕು. ಅನಂತರ ಭುಜ ತಟ್ಟಿ ಜೋರಾಗಿ ಕೂಗಿ ಕರೆಯಬೇಕು. ಪ್ರತಿಕ್ರಿಯೆ ಇಲ್ಲದಿದ್ದರೆ ಹತ್ತು ಸೆಕೆಂಡ್ ಮೀರದಂತೆ ಎದೆಯ ಏರಿಳಿತವನ್ನು ಗಮನಿಸಬೇಕು.

ಹೆಚ್ಚಿನ ತಪ್ಪುಗಳು ನಡೆಯುವುದು ಈ ಹತ್ತು ಸೆಕೆಂಡುಗಳಲ್ಲಿ. ಸ್ತಂಭನವಾದ ಮೊದಲ ಕೆಲವು ನಿಮಿಷ ಅನೇಕರು ಬಾಯಿ ತೆರೆದು, ಗೊರಕೆಯಂಥ ಸದ್ದಿನೊಂದಿಗೆ, ಬಿಟ್ಟು ಬಿಟ್ಟು ಮೇಲುಸಿರು ಎಳೆಯುತ್ತಾರೆ. ನೋಡುವವರು ‘ಉಸಿರಾಡುತ್ತಿದ್ದಾರೆ’ ಎಂದು ಸುಮ್ಮನಾಗುತ್ತಾರೆ. ಅದು ಉಸಿರಾಟವಲ್ಲ, ಸ್ತಂಭನದ ಲಕ್ಷಣ. ಇನ್ನು ಕೆಲವರಲ್ಲಿ ಬಿದ್ದೊಡನೆ ಕೈಕಾಲು ಸೆಟೆದು ಮೂರ್ಛೆರೋಗದಂತೆ ಕಾಣುತ್ತದೆ. ಸುತ್ತ ನೆರೆದವರು ಕೈಗೆ ಕಬ್ಬಿಣದ ಕೀಲಿಕೈ ಹಿಡಿಸಲು, ಈರುಳ್ಳಿ ಮೂಸಿಸಲು, ಬಾಯಿಗೆ ನೀರು ಹೊಯ್ಯಲು ಮುಂದಾಗುತ್ತಾರೆ. ಮೂರನ್ನೂ ಸಿಬ್ಬಂದಿ ತಡೆಯಬೇಕು. ಎಚ್ಚರವಿಲ್ಲ, ಸಹಜ ಉಸಿರಾಟವೂ ಇಲ್ಲ ಎಂದಾದರೆ ಅದನ್ನು ಸ್ತಂಭನವೆಂದೇ ಹಿಡಿದು ಕೆಲಸ ಆರಂಭಿಸಬೇಕು.

ವಾಹನದಲ್ಲಿ ಇಬ್ಬರಿದ್ದರೆ ಕೆಲಸ ಹಂಚಿಕೊಳ್ಳುವುದು ಸುಲಭ. ಒಬ್ಬರು ಕೂಡಲೇ ಎದೆ ಒತ್ತಲು ತೊಡಗಬೇಕು. ಇನ್ನೊಬ್ಬರು ವೈರ್‌ಲೆಸ್‌ನಲ್ಲಿ ಕಂಟ್ರೋಲ್ ರೂಂಗೆ ‘ಹೃದಯ ಸ್ತಂಭನ’ ಎಂದು ಸ್ಪಷ್ಟವಾಗಿ ತಿಳಿಸಿ, 108 ಆಂಬುಲೆನ್ಸ್ ಹೊರಟಿರುವುದನ್ನು ಖಚಿತಪಡಿಸಿಕೊಂಡು, ಯಂತ್ರ ತರಬೇಕು. ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡವಿಟ್ಟು, ಮೊಣಕೈ ಮಡಿಸದೆ, ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂಟಿಮೀಟರ್‌ಗೆ ಕಡಿಮೆಯಾಗದಂತೆ ಮತ್ತು 6 ಸೆಂಟಿಮೀಟರ್ ಮೀರದಂತೆ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡುವ ತರಬೇತಿಯೂ ಸಾಧನವೂ ಇಲ್ಲದವರು ಬರಿಯ ಒತ್ತುವಿಕೆಯನ್ನೇ ಮುಂದುವರಿಸಿದರೆ ಸಾಕು. ನೀರಿನಲ್ಲಿ ಮುಳುಗಿದವರ ಹಾಗೂ ಮಕ್ಕಳ ವಿಷಯದಲ್ಲಿ ಮಾತ್ರ ಉಸಿರು ಕೊಡುವುದಕ್ಕೆ ಹೆಚ್ಚಿನ ಮಹತ್ವವಿದೆ.

ಪೊಲೀಸರಿಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ಬಿದ್ದವರನ್ನು ಎತ್ತಿ ವಾಹನದ ಹಿಂದಿನ ಸೀಟಿಗೆ ಹಾಕಿಕೊಂಡು ಸೈರನ್ ಹಾಕಿ ಆಸ್ಪತ್ರೆಗೆ ಓಡುವುದು ನಮ್ಮಲ್ಲಿ ಸಹಜ ಪ್ರವೃತ್ತಿ, ಅದರ ಹಿಂದಿನ ಕಳಕಳಿಯೂ ನಿಜ. ಆದರೆ ಓಡುವ ಜೀಪಿನ ಸೀಟಿನ ಮೇಲೆ ಎದೆಯನ್ನು ಸರಿಯಾಗಿ ಒತ್ತಲಾಗದು, ಕುಲುಕಾಟದಲ್ಲಿ ಎಇಡಿ ಹೃದಯದ ಲಯವನ್ನು ಓದಲಾರದು. ಗಟ್ಟಿ ನೆಲದ ಮೇಲೆ, ಬಿದ್ದ ಜಾಗದಲ್ಲೇ ಚಿಕಿತ್ಸೆ ನಡೆಯಬೇಕು. ವಶದಲ್ಲಿರುವ ವ್ಯಕ್ತಿಗೆ ಹೀಗಾದರೆ ಬೆನ್ನ ಹಿಂದಿನ ಬೇಡಿಯನ್ನು ಕೂಡಲೇ ಬಿಚ್ಚಿ ಅಂಗಾತ ಮಲಗಿಸಬೇಕು. ಲಾಕಪ್ ಇಕ್ಕಟ್ಟಾಗಿದ್ದರೆ ಹೊರಗಿನ ಮೊಗಸಾಲೆಗೆ ಎಳೆದುಕೊಳ್ಳಬೇಕು.

ಪ್ಯಾಡ್ ಅಂಟಿಸುವುದು, ಆಘಾತ ಕೊಡುವುದು

ಯಂತ್ರ ಕೈಗೆ ಬಂದೊಡನೆ ಮೊದಲು ಅದನ್ನು ಚಾಲೂ ಮಾಡಬೇಕು. ಮುಂದಿನದನ್ನು ಅದರ ಧ್ವನಿಯೇ ಹೇಳುತ್ತದೆ. ಧ್ವನಿಯ ಭಾಷೆ ಸಿಬ್ಬಂದಿಗೆ ತಿಳಿಯದ್ದಾದರೆ ಗಡಿಬಿಡಿಯಲ್ಲಿ ಅದು ಬರಿಯ ಗದ್ದಲವಾಗುತ್ತದೆ. ಆದ್ದರಿಂದ ಖರೀದಿಯ ಹೊತ್ತಿನಲ್ಲೇ ಭಾಷೆಯನ್ನು ಕೇಳಿಕೊಳ್ಳುವುದು, ಕನ್ನಡ ಇಲ್ಲದಿದ್ದರೆ ಕ್ರಮವನ್ನು ಕನ್ನಡದಲ್ಲಿ ಮುದ್ರಿಸಿದ ಚೀಟಿಯೊಂದನ್ನು ಚೀಲಕ್ಕೆ ಅಂಟಿಸುವುದು ಒಳ್ಳೆಯದು. ಒಬ್ಬರು ಎದೆ ಒತ್ತುತ್ತಿರುವಾಗಲೇ ಇನ್ನೊಬ್ಬರು ಅಂಗಿಯನ್ನು ಕತ್ತರಿಸಿ ತೆಗೆದು, ವಿದ್ಯುತ್ ಆಘಾತವನ್ನು ಎದೆಗೆ ಹಾಯಿಸುವ ಎರಡು ಪ್ಯಾಡ್‌ಗಳನ್ನು ಅಂಟಿಸಬೇಕು: ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಗೆ. ಪ್ಯಾಡ್‌ನ ಮೇಲೆಯೇ ಚಿತ್ರವಿರುತ್ತದೆ.

ಪ್ಯಾಡ್ ಬರಿಮೈಗೆ ಬಿಗಿಯಾಗಿ ಕೂರಬೇಕು. ಬೆವರು, ಎಣ್ಣೆ, ವಿಭೂತಿ, ನೋವಿನ ಮುಲಾಮು ಏನಿದ್ದರೂ ಬಟ್ಟೆಯಿಂದ ಒರೆಸಬೇಕು. ಪ್ಯಾಡ್ ಕೂರದಷ್ಟು ಕೂದಲಿದ್ದರೆ ಆ ಎರಡು ಜಾಗಗಳಲ್ಲಿ ಮಾತ್ರ ರೇಜರ್‌ನಿಂದ ಬೋಳಿಸಬೇಕು. ಔಷಧದ ಪಟ್ಟಿ ಅಂಟಿಸಿಕೊಂಡಿದ್ದರೆ ಕಿತ್ತು ಒರೆಸಬೇಕು. ಚರ್ಮದಡಿ ಪೇಸ್‌ಮೇಕರ್‌ನ ಗಡ್ಡೆ ಕಂಡರೆ ಅದರ ಮೇಲೆ ಅಂಟಿಸದೆ ಪಕ್ಕಕ್ಕೆ ಸರಿಸಬೇಕು. ತಾಳಿ, ಜನಿವಾರ, ಸರ ಇವನ್ನು ಬಿಚ್ಚುತ್ತಾ ಕೂರಬೇಕಿಲ್ಲ, ಪ್ಯಾಡ್‌ಗೆ ತಾಗದಂತೆ ಸರಿಸಿದರೆ ಸಾಕು. ಮಹಿಳೆಯಾದರೆ ಸಂಕೋಚದಿಂದ ತಡಮಾಡುವುದು ಎಲ್ಲೆಡೆ ಕಂಡುಬಂದಿರುವ ದೋಷ. ಕುಪ್ಪಸ ಕತ್ತರಿಸಿ, ಒಳಉಡುಪನ್ನು ಬೇಕಾದಷ್ಟು ಸರಿಸಿ ಪ್ಯಾಡ್ ಅಂಟಿಸಬೇಕು. ಗುಂಪನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಸೀರೆಯನ್ನೋ ಬೆಡ್‌ಶೀಟನ್ನೋ ಮರೆ ಹಿಡಿಸುವುದು, ಮೊಬೈಲ್‌ನಲ್ಲಿ ಚಿತ್ರೀಕರಿಸುವವರನ್ನು ದೂರ ಕಳಿಸುವುದು ಸಮವಸ್ತ್ರದಲ್ಲಿರುವವರಿಗೆ ಮಾತ್ರ ಸುಲಭವಾಗಿ ಸಾಧ್ಯವಾಗುವ ಕೆಲಸ. ಎಂಟು ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ಪ್ಯಾಡ್ ಬಳಸಬೇಕು. ಅದು ಇಲ್ಲದಿದ್ದರೆ ದೊಡ್ಡವರದ್ದನ್ನೇ ಒಂದು ಎದೆಗೆ, ಇನ್ನೊಂದು ಬೆನ್ನಿಗೆ, ಒಂದಕ್ಕೊಂದು ತಾಗದಂತೆ ಅಂಟಿಸಬಹುದು.

ಯಂತ್ರವು ಲಯ ಪರೀಕ್ಷಿಸುತ್ತಿದ್ದೇನೆ ಎಂದಾಗ ಎಲ್ಲರೂ ಕೈ ತೆಗೆಯಬೇಕು. ಆಘಾತ ಬೇಕೆಂದು ಅದು ಹೇಳಿದರೆ, ಗುಂಡಿಯ ಬಳಿ ಇರುವವರು ‘ಯಾರೂ ಮುಟ್ಟಬೇಡಿ’ ಎಂದು ಗಟ್ಟಿಯಾಗಿ ಕೂಗಿ, ತಲೆಯಿಂದ ಕಾಲಿನವರೆಗೆ ಕಣ್ಣಾಡಿಸಿ, ಗುಂಡಿ ಒತ್ತಬೇಕು. ಕೆಲವು ಮಾದರಿಗಳು ಎಚ್ಚರಿಕೆ ಕೊಟ್ಟು ತಾವೇ ಆಘಾತ ನೀಡುತ್ತವೆ. ಆಘಾತವಾದ ಮರುಕ್ಷಣವೇ, ನಾಡಿ ನೋಡುತ್ತಾ ಕೂರದೆ, ಎದೆ ಒತ್ತಲು ತೊಡಗಬೇಕು. ಎರಡು ನಿಮಿಷಕ್ಕೊಮ್ಮೆ ಯಂತ್ರ ಮತ್ತೆ ಪರೀಕ್ಷಿಸುತ್ತದೆ. ಒತ್ತುವವರು ದಣಿಯುವುದರಿಂದ ಆಗಲೇ ಕೈ ಬದಲಾಯಿಸಿಕೊಳ್ಳಬೇಕು.

‘ಆಘಾತ ಬೇಡ’ ಎಂದು ಯಂತ್ರ ಹೇಳಿದರೆ ವ್ಯಕ್ತಿ ಸತ್ತರೆಂದೂ ಅರ್ಥವಲ್ಲ, ಚೇತರಿಸಿಕೊಂಡರೆಂದೂ ಅರ್ಥವಲ್ಲ. ಆ ಲಯಕ್ಕೆ ವಿದ್ಯುತ್ತಿನಿಂದ ಪ್ರಯೋಜನವಿಲ್ಲವೆಂದಷ್ಟೇ ಅದರ ಅರ್ಥ, ಒತ್ತುವಿಕೆ ಮುಂದುವರಿಯಬೇಕು. ವ್ಯಕ್ತಿ ಕಣ್ಣು ಬಿಟ್ಟು ಸಹಜವಾಗಿ ಉಸಿರಾಡತೊಡಗಿದರೂ ಪ್ಯಾಡ್ ಕೀಳಬಾರದು, ಯಂತ್ರ ಆರಿಸಬಾರದು, ಏಕೆಂದರೆ ಹೃದಯ ಮತ್ತೆ ಲಯ ತಪ್ಪಬಹುದು.

ಕಾಪಾಡುವ ಕ್ರಮ

ಎಇಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಮಾದರಿಗೆ ತಕ್ಕಂತೆ ಪ್ರತಿದಿನವೋ ವಾರಕ್ಕೊಮ್ಮೆಯೋ ಬ್ಯಾಟರಿ ಮತ್ತು ಒಳಗಿನ ಸರ್ಕ್ಯೂಟ್ ನೋಡಿಕೊಂಡು, ಎಲ್ಲವೂ ಸರಿಯಿದ್ದರೆ ಸಣ್ಣ ಹಸಿರು ದೀಪವನ್ನೋ ಗುರುತನ್ನೋ ತೋರಿಸುತ್ತದೆ, ಕೆಟ್ಟಿದ್ದರೆ ಬೀಪ್ ಸದ್ದು ಮಾಡುತ್ತದೆ. ಆದರೆ ಆ ದೀಪವನ್ನು ಯಾರೂ ನೋಡದಿದ್ದರೆ, ಬೀಪ್ ಸದ್ದನ್ನು ವೈರ್‌ಲೆಸ್‌ನದೆಂದು ತಿಳಿದರೆ, ಪರೀಕ್ಷೆಯಿಂದ ಏನೂ ಆಗದು. ‘ಠಾಣೆಯ ಯಂತ್ರ’ ಎಂದರೆ ಯಾರದೂ ಅಲ್ಲದ ಯಂತ್ರವಾಗಿಬಿಡುವ ಅಪಾಯವೇ ಇಲ್ಲಿ ದೊಡ್ಡದು. ಆದಕಾರಣ ಪಾಳಿ ಬದಲಾಗುವಾಗ ವಾಹನದ ಲಾಗ್‌ಬುಕ್‌ನಲ್ಲಿ ಡೀಸೆಲ್, ಕಿಲೋಮೀಟರ್ ಬರೆಯುವ ಸಾಲಿನಲ್ಲೇ ಎಇಡಿಯ ದೀಪದ ಸ್ಥಿತಿಯನ್ನೂ ಬರೆದು, ಒಪ್ಪಿಸುವವರೂ ಒಪ್ಪಿಸಿಕೊಳ್ಳುವವರೂ ಸಹಿ ಹಾಕಬೇಕು. ಇದಕ್ಕೆ ಪ್ರತ್ಯೇಕ ರಿಜಿಸ್ಟರ್ ತೆರೆದರೆ ಅದು ಬೀರು ಸೇರುತ್ತದೆ ಎಂಬುದು ಈ ಲೇಖಕನ ಅನಿಸಿಕೆ.

ತಿಂಗಳಿಗೊಮ್ಮೆ ಹೆಸರಿಸಿದ ಒಬ್ಬ ಸಿಬ್ಬಂದಿ, ಉದಾಹರಣೆಗೆ ಒಬ್ಬ ಹೆಡ್ ಕಾನ್‌ಸ್ಟೆಬಲ್, ಪ್ಯಾಡ್ ಪೊಟ್ಟಣದ ಮೇಲಿನ ಅವಧಿ ಮುಗಿಯುವ ದಿನಾಂಕ, ಬ್ಯಾಟರಿಯ ದಿನಾಂಕ, ಪೊಟ್ಟಣ ಹರಿದಿಲ್ಲದಿರುವುದು, ಕೇಬಲ್ ಮತ್ತು ಹೊರಕವಚದ ಬಿರುಕು ಇವನ್ನು ನೋಡಬೇಕು. ಪ್ಯಾಡ್‌ನ ಅಂಟು ಜೆಲ್ ಕಾಲಕ್ರಮೇಣ ಒಣಗುತ್ತದೆ, ಒಣಗಿದ ಪ್ಯಾಡ್ ಚರ್ಮಕ್ಕೆ ಕೂರದು; ಅದರ ಆಯುಸ್ಸು ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು. ಬ್ಯಾಟರಿ ಮಾದರಿಗೆ ತಕ್ಕಂತೆ ಎರಡರಿಂದ ಐದು ವರ್ಷ ಬರುತ್ತದೆ. ಎರಡೂ ದಿನಾಂಕಗಳನ್ನು ದಪ್ಪ ಅಕ್ಷರದಲ್ಲಿ ಚೀಲದ ಹೊರಗೆ ಬರೆದಿಟ್ಟರೆ ಪದೇಪದೇ ಮುಚ್ಚಳ ತೆಗೆಯಬೇಕಾಗದು. ಕೆಲವು ಯಂತ್ರಗಳು ಮುಚ್ಚಳ ತೆಗೆದೊಡನೆ ಚಾಲೂ ಆಗಿ ಬ್ಯಾಟರಿ ಸವೆಸುತ್ತವೆ. ಅಭ್ಯಾಸಕ್ಕೆ ತರಬೇತಿಯ ಯಂತ್ರವನ್ನೇ ಬಳಸಬೇಕು, ಅಸಲಿ ಪ್ಯಾಡ್ ಪೊಟ್ಟಣವನ್ನು ಒಡೆಯಕೂಡದು. ಚೀಲದಲ್ಲಿ ಹೆಚ್ಚುವರಿ ಪ್ಯಾಡ್ ಜೋಡಿ, ಕತ್ತರಿ, ರೇಜರ್, ಒಣಬಟ್ಟೆ, ಕೈಗವಸು ಮತ್ತು ಉಸಿರು ಕೊಡುವ ಮಾಸ್ಕ್ ಇರಬೇಕು. ಇವುಗಳಲ್ಲಿ ಕತ್ತರಿಯೇ ಮೊದಲು ಕಾಣೆಯಾಗುತ್ತದೆ.

ಬಿಸಿಯದು ನಮ್ಮ ನಾಡಿನ ನಿಜವಾದ ತೊಡಕು. ಬಹುತೇಕ ಎಇಡಿಗಳಿಗೆ ತಯಾರಕರು ಹೇಳುವ ಮಿತಿ 0ಯಿಂದ 50 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ತಿಂಗಳ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ವಾಹನದ ಒಳಗಿನ ತಾಪ ಆ ಮಿತಿಯನ್ನು ಸುಲಭವಾಗಿ ಮೀರುತ್ತದೆ; ಬ್ಯಾಟರಿಯೂ ಜೆಲ್ಲೂ ಬರೆದ ದಿನಾಂಕಕ್ಕಿಂತ ಮೊದಲೇ ಕೆಡುತ್ತವೆ. ಆದ್ದರಿಂದ ಯಂತ್ರವನ್ನು ಡ್ಯಾಶ್‌ಬೋರ್ಡ್ ಮೇಲಾಗಲಿ ಡಿಕ್ಕಿಯಲ್ಲಾಗಲಿ ಇಡದೆ, ಸೀಟಿನ ಹಿಂಬದಿಯ ನೆರಳಲ್ಲಿ, ಶಾಖ ತಡೆಯುವ ಚೀಲದಲ್ಲಿ ಬೆಲ್ಟ್‌ನಿಂದ ಬಿಗಿದು ಇಡಬೇಕು. ಗಸ್ತು ಮುಗಿದು ವಾಹನ ನಿಂತಾಗ ವೈರ್‌ಲೆಸ್ ಸೆಟ್‌ನಂತೆಯೇ ಠಾಣೆಯೊಳಗೆ ಒಯ್ಯಬೇಕು. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಖರೀದಿಯಲ್ಲೇ ಐಪಿ 55 ಅಥವಾ ಅದಕ್ಕೂ ಮೇಲಿನ ಧೂಳು-ನೀರು ನಿರೋಧಕ ದರ್ಜೆಯನ್ನು ಕೇಳಬೇಕು.

ಯಂತ್ರದ ಕ್ರಮಸಂಖ್ಯೆಯನ್ನು ತಯಾರಕರಲ್ಲಿ ನೋಂದಾಯಿಸಿದ್ದರೆ ಮಾತ್ರ ದೋಷ ಕಂಡು ಅವರು ಮಾದರಿಯನ್ನು ಹಿಂಪಡೆಯುವಾಗ ಠಾಣೆಗೆ ಸುದ್ದಿ ಮುಟ್ಟುತ್ತದೆ. ಬಳಕೆಯಲ್ಲಿ ಯಂತ್ರ ಕೈಕೊಟ್ಟರೆ ಗಾಜಿಯಾಬಾದ್‌ನ ಭಾರತೀಯ ಔಷಧಕೋಶ ಆಯೋಗ ನಡೆಸುವ ವೈದ್ಯಕೀಯ ಸಾಧನಗಳ ನಿಗಾ ಕಾರ್ಯಕ್ರಮಕ್ಕೂ ವರದಿ ಮಾಡಬಹುದು.

ಬಳಸಿದ ಮೇಲೆ

ಆಂಬುಲೆನ್ಸ್‌ನವರಿಗೆ ಬಿದ್ದ ಹೊತ್ತು, ಒತ್ತಲು ತೊಡಗಿದ ಹೊತ್ತು, ಕೊಟ್ಟ ಆಘಾತಗಳ ಸಂಖ್ಯೆ ತಿಳಿಸಬೇಕು. ಯಂತ್ರದ ನೆನಪಿನಲ್ಲಿ ಹೃದಯದ ಲಯದ ದಾಖಲೆ ಉಳಿದಿರುತ್ತದೆ; ಅದನ್ನು ಇಳಿಸಿಕೊಂಡು ಚಿಕಿತ್ಸೆ ನೀಡುವ ವೈದ್ಯರಿಗೆ ತಲುಪಿಸಬೇಕು, ಅದು ರೋಗಿಯ ಖಾಸಗಿ ಮಾಹಿತಿಯಾದ್ದರಿಂದ ಬೇರೆ ಯಾರಿಗೂ ಕೊಡಕೂಡದು. ವ್ಯಕ್ತಿ ತೀರಿಕೊಂಡು ಪ್ರಕರಣ ದಾಖಲಾಗುವಂತಿದ್ದರೆ ಪ್ಯಾಡ್‌ಗಳನ್ನು ಶವದ ಮೇಲೆಯೇ ಬಿಟ್ಟು, ಎಇಡಿ ಬಳಸಿದ್ದನ್ನು ಠಾಣಾ ದಿನಚರಿಯಲ್ಲಿ ನಮೂದಿಸಬೇಕು. ಇಲ್ಲವಾದರೆ ಮೈಮೇಲಿನ ಪ್ಯಾಡ್‌ನ ಗುರುತು ಮರಣೋತ್ತರ ಪರೀಕ್ಷೆಯಲ್ಲಿ ಬೇರೇನೋ ಆಗಿ ಕಾಣಬಹುದು.

ಆಮೇಲೆ ತಯಾರಕರು ಸೂಚಿಸಿದ ದ್ರಾವಣದಿಂದ ಯಂತ್ರವನ್ನು ಒರೆಸಿ, ಹೊಸ ಪ್ಯಾಡ್ ಜೋಡಿಸಿ, ಬ್ಯಾಟರಿಯ ಮಟ್ಟ ನೋಡಿ, ಹಸಿರು ದೀಪ ಬಂದದ್ದನ್ನು ಲಾಗ್‌ಬುಕ್‌ನಲ್ಲಿ ಬರೆಯಬೇಕು. ಹೊಸ ಪ್ಯಾಡ್ ಬರುವುದು ತಡವಾದರೆ ಅಥವಾ ಯಂತ್ರ ದುರಸ್ತಿಗೆ ಹೋದರೆ ಆ ವಾಹನದಲ್ಲಿ ಎಇಡಿ ಇಲ್ಲವೆಂದು ಅಂದೇ ಕಂಟ್ರೋಲ್ ರೂಂಗೆ ಲಿಖಿತವಾಗಿ ತಿಳಿಸಬೇಕು. ಮುಂದಿನ ಕರೆಗೆ ಯಂತ್ರವಿರುವ ಇನ್ನೊಂದು ವಾಹನವನ್ನು ಅವರು ಕಳಿಸಲು ಸಾಧ್ಯವಾಗುವುದು ಆಗ ಮಾತ್ರ.