84 ಪರ್ಸೆಂಟೈಲ್ ಬಂದ ಮೇಲೆ ನಾನು ಕ್ಯಾಟ್‌ಗೆ ಓದಿದ ರೀತಿ

ಐಐಎಂನಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಎಂಬಿಎ ಪ್ರವೇಶಕ್ಕೆ ಬರೆಯುವ ಕ್ಯಾಟ್ ಪರೀಕ್ಷೆಯ ಅಂಕಪಟ್ಟಿಯಲ್ಲಿ ಮೂರು ವಿಭಾಗಗಳ ಪರ್ಸೆಂಟೈಲ್ (ಬರೆದವರಲ್ಲಿ ಶೇಕಡಾ ಎಷ್ಟು ಮಂದಿಗಿಂತ ಮುಂದಿದ್ದೇವೆ ಎಂಬ ಲೆಕ್ಕ) ಬೇರೆ ಬೇರೆಯಾಗಿ ಇರುತ್ತದೆ, ಜೊತೆಗೆ ಒಟ್ಟು ಪರ್ಸೆಂಟೈಲ್. ಎಲ್ಲರೂ ಕೇಳುವುದು ಒಟ್ಟನ್ನು ಮಾತ್ರ. ನನ್ನದು 84 ಇತ್ತು. ಐಐಎಂ ಸೇರಬೇಕೆಂದು ಕೆಲಸದ ನಡುವೆ ಓದಿದ್ದವನಿಗೆ ಅದು ದೊಡ್ಡ ಪೆಟ್ಟು. ದುಃಖ ಸ್ವಲ್ಪ ತಣ್ಣಗಾದ ಮೇಲೆ ವಿಭಾಗಗಳ ಅಂಕಿಗಳನ್ನು ನೋಡಿದೆ. ಗಣಿತದಲ್ಲಿ 95, ದತ್ತಾಂಶ ಮತ್ತು ತರ್ಕದ ವಿಭಾಗದಲ್ಲಿ 88, ಇಂಗ್ಲಿಷ್ ಓದಿನ ವಿಭಾಗದಲ್ಲಿ 52. ಹಲವು ಐಐಎಂಗಳು ಪ್ರತಿ ವಿಭಾಗಕ್ಕೂ ಪ್ರತ್ಯೇಕ ಕಟ್‌ಆಫ್ ಇಡುತ್ತವೆ. ಹಾಗಾಗಿ ಗಣಿತದಲ್ಲಿ ಎಷ್ಟು ಗಳಿಸಿದರೂ ಆ 52 ನನ್ನನ್ನು ಬಾಗಿಲಲ್ಲೇ ತಡೆಯುತ್ತಿತ್ತು.

ಮತ್ತೆ ಬರೆಯಬೇಕೇ ಎಂಬುದನ್ನು ತೀರ್ಮಾನಿಸುವ ಮೊದಲು ಸಂಸ್ಥೆಗಳ ಆಯ್ಕೆ ಮಾನದಂಡಗಳನ್ನು ಕೂತು ಓದಿದೆ. ಐಐಎಂ ಬೆಂಗಳೂರಿನಂಥ ಕಡೆ ಹತ್ತನೇ ತರಗತಿ, ಪಿಯುಸಿ ಮತ್ತು ಪದವಿಯ ಅಂಕಗಳಿಗೂ ತೂಕವಿದೆ. ಅವನ್ನು ಇನ್ನು ಬದಲಿಸಲಾಗದು. ನನ್ನ ಅಂಕಗಳಿಗೆ ಎಲ್ಲಿ ಅವಕಾಶವಿದೆ ಎಂದು ಗುರುತಿಸಿಕೊಂಡು, ಕೆಲಸ ಬಿಡದೆಯೇ ಇನ್ನೊಂದು ವರ್ಷ ಓದುವುದೆಂದು ನಿರ್ಧರಿಸಿದೆ. ಕ್ಯಾಟ್ ಅಂಕ ಒಂದೇ ವರ್ಷದ ಪ್ರವೇಶಕ್ಕೆ ನಡೆಯುತ್ತದೆ, ಹಳೆಯದನ್ನು ಮತ್ತೆ ಬಳಸುವಂತಿಲ್ಲ. ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಕರ್ನಾಟಕ ಪಿಜಿಸಿಇಟಿಗೂ ಅರ್ಜಿ ಹಾಕಿದೆ. ಅದರ ಮೂಲಕ ಸಿಗುವ ಎಂಬಿಎ ಸೀಟುಗಳನ್ನು ಕೀಳಾಗಿ ಕಾಣುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಕೋಚಿಂಗ್‌ನಲ್ಲಿ ಕೊಟ್ಟ ಸಲಹೆ, ಅಣಕು ಪರೀಕ್ಷೆಗಳನ್ನು ಹೆಚ್ಚಿಸು ಎಂಬುದು. ನಾನು ಅದನ್ನು ಬದಿಗಿಟ್ಟೆ. ಅಣಕು ಪರೀಕ್ಷೆ ನಮ್ಮ ಮಟ್ಟವನ್ನು ಅಳೆಯುತ್ತದೆ, ಓದುವುದನ್ನು ಕಲಿಸುವುದಿಲ್ಲ. ಅದರ ಬದಲು, ಪರೀಕ್ಷೆಯ ನಂತರ ಕೊಡುವ ನನ್ನ ಉತ್ತರಗಳ ಹಾಳೆಯನ್ನು ತೆಗೆದು, ಇಂಗ್ಲಿಷ್ ವಿಭಾಗದಲ್ಲಿ ತಪ್ಪಾಗಿದ್ದ ಪ್ರಶ್ನೆಗಳನ್ನು ಗಡಿಯಾರವಿಲ್ಲದೆ ಮತ್ತೆ ಬಿಡಿಸಿದೆ. ಸಮಯ ಸಿಕ್ಕರೆ ಸರಿಯಾಗುವಂಥವು ಕೆಲವೇ ಇದ್ದವು. ಹೆಚ್ಚಿನವು ಅರ್ಧ ಗಂಟೆ ಕೊಟ್ಟರೂ ತಪ್ಪೇ ಆದವು. ಅಂದರೆ ಕೊರತೆ ವೇಗದ್ದಲ್ಲ. ಪದಗಳದ್ದೂ ಅಲ್ಲ, ಅರ್ಥ ತಿಳಿಯದ ಪದಗಳು ತೀರಾ ಕಡಿಮೆ ಇದ್ದವು. ಈ ವಿಭಾಗದಲ್ಲಿ ಓದಿ ಉತ್ತರಿಸಲು ಕೊಡುವ ಗದ್ಯಭಾಗಗಳ ಲೇಖಕರು ಬೇರೆಯವರ ಅಭಿಪ್ರಾಯವನ್ನು ಎರಡು ಪ್ಯಾರಾದಷ್ಟು ವಿವರಿಸಿ, ಮೂರನೆಯದರಲ್ಲಿ ಮೆಲ್ಲಗೆ ಅದರಿಂದ ಪಕ್ಕಕ್ಕೆ ಸರಿಯುತ್ತಾರೆ. ನಾನು ಆ ತಿರುವನ್ನು ಹಿಡಿಯುತ್ತಿರಲಿಲ್ಲ.

ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ವಾದ ಮಾಡುವುದು, ವಾದವನ್ನು ಅಳೆಯುವುದು ನನಗೆ ಬರುವುದು ಕನ್ನಡದಲ್ಲಿ. ಆದ್ದರಿಂದ ಪ್ರತಿ ಗದ್ಯಭಾಗ ಓದಿದ ಮೇಲೆ ಪ್ರಶ್ನೆಗಳನ್ನು ನೋಡುವ ಮೊದಲೇ ನೋಟ್‌ಬುಕ್‌ನಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆಯತೊಡಗಿದೆ: ಲೇಖಕರು ಏನು ಹೇಳುತ್ತಿದ್ದಾರೆ, ಯಾರ ಮಾತನ್ನು ಒಪ್ಪುತ್ತಿಲ್ಲ. ಉದಾಹರಣೆಗೆ, ವಸಾಹತು ಕಾಲದಲ್ಲಿ ಒಯ್ದ ಕಲಾಕೃತಿಗಳ ಕುರಿತ ಒಂದು ಲೇಖನಕ್ಕೆ ಹೀಗೆ ಬರೆದುಕೊಂಡಿದ್ದೆ: ‘ಹಿಂದಿರುಗಿಸುವುದು ಸರಿ, ಆದರೆ ಯಾರಿಗೆ ಎಂಬುದು ಇತ್ಯರ್ಥವಾಗಿಲ್ಲ. ಸರ್ಕಾರಕ್ಕೆ ಕೊಟ್ಟರೆ ಸಾಕು ಎನ್ನುವವರನ್ನು ಒಪ್ಪುತ್ತಿಲ್ಲ.’ ಇಷ್ಟು ಕೈಯಲ್ಲಿದ್ದರೆ ‘ಎಲ್ಲ ಕಲಾಕೃತಿಗಳನ್ನೂ ಕೂಡಲೇ ಹಿಂದಿರುಗಿಸಬೇಕು’ ಎಂಬ ಆಯ್ಕೆ ಅತಿಯಾಯಿತೆಂದು ತಕ್ಷಣ ಕಾಣುತ್ತದೆ. ಎರಡು ಸಾಲು ಬರೆಯಲಾಗದಿದ್ದರೆ ಮೊದಲಿನಿಂದ ಓದುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ಹಾಗೆ ಮರಳಿ ಓದಿದ್ದೇ ಹೆಚ್ಚು.

ಕಚೇರಿಗೆ ಹೋಗುವ ಬಸ್ಸಿನಲ್ಲಿ ತತ್ವಶಾಸ್ತ್ರ, ಜೀವವಿಜ್ಞಾನ, ನಗರಗಳ ಚರಿತ್ರೆ ಹೀಗೆ ನನಗೆ ದೂರವಾಗಿದ್ದ ವಿಷಯಗಳ ಪ್ರಬಂಧಗಳನ್ನು ಓದುತ್ತಿದ್ದೆ, ಅಂತರ್ಜಾಲದ ‘ಏಯಾನ್’ ಪತ್ರಿಕೆಯಲ್ಲಿ ಅಂಥವು ಧಾರಾಳವಾಗಿ ಸಿಗುತ್ತವೆ. ತಪ್ಪು ಆಯ್ಕೆಗಳನ್ನೂ ವಿಂಗಡಿಸಿ ಬರೆದಿಟ್ಟೆ: ಅತಿಯಾದದ್ದು, ಅರ್ಧ ಸತ್ಯ, ಲೋಕದಲ್ಲಿ ನಿಜವಾದರೂ ಗದ್ಯಭಾಗದಲ್ಲಿ ಇಲ್ಲದ್ದು. ಮೂರನೆಯ ಬಗೆಯೇ ನನ್ನನ್ನು ಅತಿ ಹೆಚ್ಚು ಸೆಳೆಯುತ್ತಿತ್ತು.

ಗಡಿಯಾರ ಬಂದದ್ದು ಸೆಪ್ಟೆಂಬರ್ ಹೊತ್ತಿಗೆ. ಇಂಗ್ಲಿಷ್ ವಿಭಾಗಕ್ಕೆ 40 ನಿಮಿಷ, 24 ಪ್ರಶ್ನೆ, ಅದರಲ್ಲಿ ನಾಲ್ಕು ಗದ್ಯಭಾಗಗಳಿಂದ 16. ಸರಿಯುತ್ತರಕ್ಕೆ 3 ಅಂಕ, ಬಹು ಆಯ್ಕೆಯಲ್ಲಿ ತಪ್ಪಿದರೆ 1 ಅಂಕ ಕಡಿತ. ಮೂರು ಗದ್ಯಭಾಗಗಳನ್ನು ಚೆನ್ನಾಗಿ ಓದಿ, ಉತ್ತರವನ್ನು ಟೈಪ್ ಮಾಡಬೇಕಾದ, ಅಂಕ ಕಡಿತವಿಲ್ಲದ ಪ್ರಶ್ನೆಗಳನ್ನೆಲ್ಲ ಮುಗಿಸಿ, ಸಮಯ ಉಳಿದರೆ ಮಾತ್ರ ನಾಲ್ಕನೆಯದಕ್ಕೆ ಹೋಗುವ ಕ್ರಮ ನನಗೆ ಒಗ್ಗಿತು. ಆ ಹೊತ್ತಿಗೆ ಎರಡು ಸಾಲನ್ನು ಬರೆಯಬೇಕಾಗಿರಲಿಲ್ಲ, ಮನಸ್ಸಿನಲ್ಲೇ ಮೂಡುತ್ತಿತ್ತು.

ನವೆಂಬರ್‌ನ ಪರೀಕ್ಷೆಯಲ್ಲಿ ಇಂಗ್ಲಿಷ್ ವಿಭಾಗ 91ಕ್ಕೆ ಏರಿತು. ತರ್ಕದ ವಿಭಾಗದಲ್ಲಿ ಒಂದು ಕಠಿಣ ಸೆಟ್ ಬಹಳ ಸಮಯ ತಿಂದದ್ದರಿಂದ ಅಲ್ಲಿ ಸ್ವಲ್ಪ ಇಳಿಯಿತು. ಒಟ್ಟು 95 ಬಂತು. ಐಐಎಂ ಬೆಂಗಳೂರಿನಿಂದ ಕರೆ ಬರಲಿಲ್ಲ. ಹೊಸ ಐಐಎಂಗಳು ಒಟ್ಟಾಗಿ ನಡೆಸುವ ಸಂದರ್ಶನಕ್ಕೆ ಕರೆ ಬಂತು, ಈಗ ಅವುಗಳಲ್ಲೊಂದರಲ್ಲಿ ಮೊದಲ ವರ್ಷ ಓದುತ್ತಿದ್ದೇನೆ.