ಯುಕುಲೇಲಿ ಕೊಳ್ಳುವುದಾದರೆ ಆಟಿಯಲ್ಲೇ ಕೊಳ್ಳಿ

ಈ ಸಲದ ಮಳೆಗಾಲ ಮುಗಿಯಿತು. ನನ್ನ ಕ್ಲಾಸಿನ 11 ಯುಕುಲೇಲಿಗಳಲ್ಲಿ, ಅಂದರೆ ನಾಲ್ಕು ತಂತಿಯ ಪುಟ್ಟ ಗಿಟಾರ್ ಥರದ ವಾದ್ಯಗಳಲ್ಲಿ, ಒಂದರ ಬ್ರಿಡ್ಜೂ (ತಂತಿ ಕಟ್ಟುವ ಪಟ್ಟಿ) ಏಳಲಿಲ್ಲ, ಒಂದರ ಹೊಟ್ಟೆಯೂ ಉಬ್ಬಲಿಲ್ಲ. ಮಂಗಳೂರಿನ ಬಿಜೈಯ ಈ ಹಂಚಿನ ಮನೆಯಲ್ಲಿ ಜುಲೈ ತಿಂಗಳು ಚಪ್ಪಲಿಗೂ ಬೂಷ್ಟು ಬರುತ್ತದೆ. ಅಂಥ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಸೆಪ್ಟೆಂಬರ್ 8ರ ಕ್ರೈಸ್ತರ ತೆನೆ ಹಬ್ಬ ಮೊಂತಿ ಫೆಸ್ತ್‌ಗೆ ಮಕ್ಕಳು ಅದೇ ವಾದ್ಯಗಳನ್ನು ಹಿಡಿದು ಹಾಡಿದರು. ನಡುವೆ ಒಮ್ಮೆಯೂ ಶ್ರುತಿ ಮಾಡಲು ನಿಲ್ಲಲಿಲ್ಲ.

ನಾನು ಗಿಟಾರ್ ಕಲಿಸಲು ಶುರು ಮಾಡಿ ಹದಿನಾಲ್ಕು ವರ್ಷ ಆಯಿತು, ಯುಕುಲೇಲಿ ಕಲಿಸಲು ಶುರು ಮಾಡಿ ಏಳು. ಈ ಏಳು ವರ್ಷದಲ್ಲಿ ನನಗಾಗಿ, ಮಕ್ಕಳಿಗಾಗಿ ಮೂವತ್ತಕ್ಕಿಂತ ಜಾಸ್ತಿ ಯುಕುಲೇಲಿ ಆರಿಸಿದ್ದೇನೆ. ನನ್ನ ವಿಧಾನ ಇಷ್ಟೇ: ಲ್ಯಾಮಿನೇಟ್ (ತೆಳು ಪದರಗಳನ್ನು ಅಂಟಿಸಿದ ಮರ) ಕಾನ್ಸರ್ಟ್ ಸೈಜ್ (ಸಣ್ಣ ಸೊಪ್ರಾನೊ, ದೊಡ್ಡ ಟೆನರ್ ನಡುವಿನದು), ತೂಗಿ ನೋಡಿ, ಬಾಗಿಲ ಹಿಂದೆ ನಿಂತು ಕೇಳಿ, ಅದೂ ಆಟಿ ತಿಂಗಳಲ್ಲೇ (ಜುಲೈ-ಆಗಸ್ಟ್‌ನ ತುಳು ತಿಂಗಳು, ಶುಭ ಕೆಲಸಕ್ಕೆ ಆಗದು ಅಂತಾರೆ) ಕೊಳ್ಳುವುದು. ಗಿಟಾರ್ ನುಡಿಸುವ ಗೆಳೆಯರು "ಪ್ಲೈವುಡ್ ಡಬ್ಬಕ್ಕೆ ಇಷ್ಟೆಲ್ಲ ಯಾಕೆ?" ಎಂದರು. ಅತ್ತೆ "ಆಟಿಯಲ್ಲಿ ಯಾರಾದರೂ ಹೊಸ ಸಾಮಾನು ಮನೆಗೆ ತರ್ತಾರಾ?" ಎಂದರು. ಈಗ ಇಬ್ಬರೂ ಸುಮ್ಮನಾಗಿದ್ದಾರೆ.

ಇಲ್ಲಿಗೆ ಬರುವ ಮೊದಲು ಕಳೆದುಕೊಂಡ ದುಡ್ಡಿನ ಕಥೆ ಹೇಳಲೇಬೇಕು.

ನನ್ನ ಮೊದಲ ಒಳ್ಳೆಯ ಯುಕುಲೇಲಿ ಒಂದು ಟೆನರ್. ಸ್ಪ್ರೂಸ್ ಮರದ ಸಾಲಿಡ್ ಟಾಪ್ (ಪದರ ಅಂಟಿಸದ ಇಡೀ ಹಲಗೆಯ ಮುಂಭಾಗ), ಸುಮಾರು 17,500 ರೂಪಾಯಿ. ಜನವರಿಯಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಆರಿಸಿದೆ. ಅಲ್ಲಿನ ಒಣ ಚಳಿಯಲ್ಲಿ ಅದರ ಧ್ವನಿ ಗಂಟೆಯ ಹಾಗಿತ್ತು. ಮಂಗಳೂರಿಗೆ ತಂದ ಮೇಲೂ ಏಪ್ರಿಲ್ ತನಕ ಹಾಗೇ ಇತ್ತು. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ) ಕಳೆಯಿತು, ಮಳೆ ಹಿಡಿಯಿತು. ಜೂನ್ ಕೊನೆಯ ಹೊತ್ತಿಗೆ 12ನೇ ಫ್ರೆಟ್ (ಕುತ್ತಿಗೆಯ ಅಡ್ಡಪಟ್ಟಿ) ಹತ್ತಿರ ಒತ್ತುವಾಗ ಬೆರಳು ನೋಯತೊಡಗಿತು. ಅಳೆದು ನೋಡಿದರೆ 2.8 ಮಿಲಿಮೀಟರ್ ಇದ್ದ ಆಕ್ಷನ್ (ಫ್ರೆಟ್ ಮೇಲಿನ ತಂತಿಯ ಎತ್ತರ) 4ರ ಹತ್ತಿರ ಬಂದಿತ್ತು. ಬ್ರಿಡ್ಜ್‌ನ ಹಿಂದೆ ಟಾಪ್ ಹೊಟ್ಟೆಯ ಹಾಗೆ ಉಬ್ಬಿತ್ತು. ಜುಲೈ ಮಧ್ಯದಲ್ಲಿ ಬ್ರಿಡ್ಜ್ ಕೆಳಗೆ ಒಂದು ಪೋಸ್ಟ್‌ಕಾರ್ಡ್ ತೂರಿಸುವಷ್ಟು ಜಾಗ ಕಾಣಿಸಿತು. ಅಂಟು ಹಾಕಿಸಲು 1,800 ರೂಪಾಯಿ ಕೊಟ್ಟೆ. ಮುಂದಿನ ಮಳೆಗೆ ಮತ್ತೆ ಎದ್ದಿತು.

ಆಗ ಮಾಡದ ಪ್ರಯೋಗ ಇಲ್ಲ. ಕೇಸಿನೊಳಗೆ ಅಕ್ಕಿ ಕಟ್ಟಿಟ್ಟೆ, ಅಕ್ಕಿಗೆ ಹುಳ ಬಂತು. ಸಿಲಿಕಾ ಜೆಲ್ ತಂದೆ, ಅರ್ಧ ಕಿಲೋ. ಎರಡೇ ದಿನಕ್ಕೆ ನೀರು ಕುಡಿದು ಬಣ್ಣ ಬದಲಾಯಿಸುತ್ತಿತ್ತು. ದಿನ ಬಿಟ್ಟು ದಿನ ಬಾಣಲೆಯಲ್ಲಿ ಹುರಿದು ಹಾಕುತ್ತಿದ್ದೆ. ಆಮೇಲೆ ಕಬ್ಬಿಣದ ಕಪಾಟಿನೊಳಗೆ 25 ವ್ಯಾಟ್ ಬಲ್ಬ್ ಹಾಕಿದೆ. ಇದು ನಿಜವಾಗಿ ಕೆಲಸ ಮಾಡಿತು. ಹೊರಗೆ ತೇವಾಂಶ 88-90 ಇದ್ದಾಗ ಕಪಾಟಿನಲ್ಲಿ 60 ತೋರಿಸುತ್ತಿತ್ತು. ಆದರೆ ಬಲ್ಬಿನ ಹತ್ತಿರ ನಿಲ್ಲಿಸಿದ್ದ ಒಂದು ಸೊಪ್ರಾನೊದ ನೆಕ್ ಶಾಖಕ್ಕೆ ಬಾಗಿತು. ಅದೂ ಒಬ್ಬ ವಿದ್ಯಾರ್ಥಿಯದ್ದು. 3,200 ಕೊಟ್ಟು ಹೊಸದು ತೆಗೆಸಿಕೊಟ್ಟೆ. ದಿನಾ ಕ್ಲಾಸಿಗೆ ಹೊರಗೆ ತೆಗೆಯುವ ವಾದ್ಯಕ್ಕೆ ಕಪಾಟಿನ ಆರೈಕೆ ಸಾಕಾಗುವುದೂ ಇಲ್ಲ.

ಇದಕ್ಕೆ ಉಲ್ಟಾ ತಪ್ಪನ್ನೂ ಮಾಡಿದ್ದೇನೆ. ಮಕ್ಕಳಿಗೆಂದು ಬಣ್ಣಬಣ್ಣದ ಆರು ಸೊಪ್ರಾನೊ ಒಟ್ಟಿಗೆ ತರಿಸಿದೆ, ತಲಾ 1,600. ನೋಡಲು ಬಲು ಚಂದ. ನುಡಿಸಿದರೆ ಒಂದಕ್ಕೊಂದು ಹೊಂದುವುದಿಲ್ಲ. ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಎತ್ತರವಾಗಿತ್ತು. ಹಾಗಾಗಿ ಮೊದಲ ಫ್ರೆಟ್ ಒತ್ತಿದ ಕೂಡಲೇ ಸ್ವರ ಮೇಲೆ ಹೋಗುತ್ತಿತ್ತು. ಎಫ್ ಕಾರ್ಡ್ ಹಿಡಿದ ಮಗು ತನ್ನ ಬೆರಳೇ ತಪ್ಪು ಅಂದುಕೊಂಡು ಅಳುತ್ತಿತ್ತು. ನನಗೆ ಅದು ತುಂಬ ಬೇಜಾರಾಯಿತು. ತಪ್ಪು ಮಗುವಿನದ್ದಲ್ಲ ಅಲ್ವಾ? ನಾಲ್ಕರ ನಟ್ ನಾನೇ ಅರದಿಂದ ತಗ್ಗಿಸಿ ಸರಿ ಮಾಡಿದೆ. ಎರಡನ್ನು ಬಿಟ್ಟುಬಿಟ್ಟೆ.

ದಾರಿ ಸಿಕ್ಕಿದ್ದು ಒಂದು ಆಟಿಯಲ್ಲಿ. ತಂತಿ ತರಲು ಹಂಪನಕಟ್ಟೆಗೆ ಹೋಗಿದ್ದೆ. ಮಳೆ ಎಷ್ಟು ಜೋರು ಅಂದರೆ ಅಂಗಡಿಯಿಂದ ಹೊರಗೆ ಕಾಲಿಡಲು ಆಗಲಿಲ್ಲ. ಒಂದೂವರೆ ಗಂಟೆ ಅಲ್ಲೇ ಕೂತೆ. ಗೋಡೆಯಲ್ಲಿ ನೇತಾಡುತ್ತಿದ್ದ ಒಂದೊಂದನ್ನೇ ಇಳಿಸಿ ನುಡಿಸಿದೆ. ಸಾಲಿಡ್ ಟಾಪ್‌ನ ಎರಡು ದುಬಾರಿ ವಾದ್ಯಗಳು ನೆಗಡಿ ಬಂದವರ ಹಾಗೆ ಮಾತಾಡುತ್ತಿದ್ದವು. ಮೂಲೆಯಲ್ಲಿದ್ದ ಒಂದು ಮಹಾಗನಿ ಲ್ಯಾಮಿನೇಟ್ ಕಾನ್ಸರ್ಟ್ ಮಾತ್ರ ಆ ತೇವದಲ್ಲೂ ಬಿಚ್ಚಿ ಹಾಡುತ್ತಿತ್ತು. ಬೆಲೆ 5,400. ಡಿಸೆಂಬರ್‌ನಲ್ಲಿ ಅದೇ ಅಂಗಡಿಯಲ್ಲಿ ನಾನು ಅದನ್ನು ಮುಟ್ಟಿಯೂ ಇರಲಿಲ್ಲ.

ಆವತ್ತು ತಲೆಗೆ ಬಂದದ್ದು ಇದು. ಒಣ ಹವೆಯಲ್ಲಿ ಬಹುತೇಕ ವಾದ್ಯಗಳು ಚೆನ್ನಾಗಿಯೇ ಕೇಳುತ್ತವೆ. ನಮ್ಮ ಊರಿನ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್. ಅಂಗಡಿಯಲ್ಲಿ ತಿಂಗಳುಗಟ್ಟಲೆ ತೇವ ಕುಡಿದು ನೇತಾಡಿದ ವಾದ್ಯ ಉಬ್ಬುವುದಿದ್ದರೆ ಉಬ್ಬಿಯೇ ಇರುತ್ತದೆ, ಏಳುವುದಿದ್ದರೆ ಎದ್ದೇ ಇರುತ್ತದೆ. ಆಟಿಯಲ್ಲಿ ಚೆನ್ನಾಗಿ ಹಾಡುವುದು ಮಾಯಿ ತಿಂಗಳಲ್ಲಿ (ಫೆಬ್ರವರಿ-ಮಾರ್ಚ್) ಇನ್ನೂ ಚೆನ್ನಾಗಿ ಹಾಡುತ್ತದೆ. ಇನ್ನೊಂದು ಲಾಭವೂ ಇದೆ. ಆಟಿಯಲ್ಲಿ ಗಿರಾಕಿ ಇರುವುದಿಲ್ಲ. ಮುಂಗಡ ಕೊಟ್ಟರೆ ಮೂರು ವಾದ್ಯ ನಾಲ್ಕು ದಿನಕ್ಕೆ ಮನೆಗೆ ಕೊಡುತ್ತಾರೆ. ಕ್ರಿಸ್‌ಮಸ್ ಹೊತ್ತಿಗೆ ಕೇಳಿ ನೋಡಿ, ಕೇಸಿನಿಂದ ತೆಗೆಯಲೂ ಬಿಡುವುದಿಲ್ಲ.

ಮನೆಗೆ ತಂದ ಮೇಲೆ ಮೊದಲ ಕೆಲಸ ತೂಗುವುದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ನನ್ನ ಲೆಕ್ಕದಲ್ಲಿ ಕಾನ್ಸರ್ಟ್ 480 ಗ್ರಾಂ ಆಸುಪಾಸು ಇದ್ದರೆ ಒಳ್ಳೆಯದು. 600 ದಾಟಿದ ಒಂದೂ ನನಗೆ ಹಿಡಿಸಲಿಲ್ಲ. ಲ್ಯಾಮಿನೇಟ್ ಎಂದರೆ ಎಲ್ಲ ಒಂದೇ ಅಲ್ಲ. ತೆಳ್ಳಗಿನ ಪದರ, ತೆಳ್ಳಗಿನ ಪಾಲಿಶ್ ಇದ್ದರೆ ಟಾಪ್ ಅಲುಗುತ್ತದೆ. ಕನ್ನಡಿಯ ಹಾಗೆ ಹೊಳೆಯುವ ದಪ್ಪ ಗ್ಲಾಸಿ ಪಾಲಿಶ್ ಇದ್ದರೆ ಧ್ವನಿ ಒಳಗೇ ಉಳಿಯುತ್ತದೆ. ನಾನು ಯಾವತ್ತೂ ಹೊಳಪು ಕಡಿಮೆಯ ಸ್ಯಾಟಿನ್ ಫಿನಿಶ್ ಕಡೆ.

ಎರಡನೆಯದು ತಂತಿ. ಮೂರು ವಾದ್ಯಕ್ಕೂ ಒಂದೇ ತಂತಿ ಹಾಕದೆ ಹೋಲಿಸಿದರೆ ಅದು ತಂತಿಯ ಹೋಲಿಕೆ, ವಾದ್ಯದ್ದಲ್ಲ. ನಾನು ಎಷ್ಟೋ ವರ್ಷ ಈ ತಪ್ಪು ಮಾಡಿದೆ. ಹೊಸ ತಂತಿ ಎಳೆದು ನಿಲ್ಲಲು ಎರಡು ಮೂರು ದಿನ ಬೇಕು. ಅದಕ್ಕೇ ನಾಲ್ಕು ದಿನದ ಕರಾರು.

ಮೂರನೆಯದು ಬಾಗಿಲು. ನುಡಿಸುವವಳ ಕಿವಿಗೆ ಸಿಗುವ ಧ್ವನಿ ಬೇರೆ, ಎದುರು ಕೂತವರಿಗೆ ಸಿಗುವುದು ಬೇರೆ. ಮಗಳು ಚಾವಡಿಯಲ್ಲಿ ಕೂತು ಒಂದೇ ರಾಗವನ್ನು ಮೂರರಲ್ಲೂ ನುಡಿಸುತ್ತಾಳೆ. ನಾನು ಅಡುಗೆಮನೆ ಬಾಗಿಲ ಹಿಂದೆ ಪುಸ್ತಕ ಹಿಡಿದು ನಿಂತು ಅಂಕ ಬರೆಯುತ್ತೇನೆ. ಯಾವುದು ಯಾವುದು ಅಂತ ನನಗೆ ಗೊತ್ತಿರಬಾರದು. ರಾಗ ಆದ ಮೇಲೆ ಎ ತಂತಿಯನ್ನು (ನಾಲ್ಕು ತಂತಿಗಳ ಹೆಸರು ಜಿ, ಸಿ, ಇ, ಎ) 7ರಿಂದ 10ನೇ ಫ್ರೆಟ್ ತನಕ ಒಂದೊಂದಾಗಿ ಮೀಟಲು ಹೇಳುತ್ತೇನೆ. ಕೆಟ್ಟ ವಾದ್ಯ ಅಲ್ಲೇ ಸಾಯುತ್ತದೆ, 'ಟಕ್' ಅಂತ. ಸಿ ತಂತಿ ಮಾತ್ರ ಗುಂಯ್ ಅಂದು ಉಳಿದವು ಸಪ್ಪೆಯಾದರೆ ಅದೂ ಬೇಡ. ಒಮ್ಮೆ ಮೂರರಲ್ಲಿ ಅತಿ ಅಗ್ಗದ್ದಕ್ಕೆ ನಾನು ಜಾಸ್ತಿ ಅಂಕ ಕೊಟ್ಟೆ. ನಂಬದೆ ಮರುದಿನ ಮತ್ತೆ ಮಾಡಿಸಿದೆ. ಮತ್ತೆ ಅದೇ ಗೆದ್ದಿತು. "ಪ್ಲೈವುಡ್ ಡಬ್ಬ" ಎಂದ ಗೆಳೆಯನನ್ನೂ ಅದೇ ಬಾಗಿಲ ಹಿಂದೆ ನಿಲ್ಲಿಸಿದೆ. ಅವನು ಸಾಲಿಡ್ ಟಾಪ್ ಅಂತ ಬೆರಳು ತೋರಿಸಿದ್ದು ನನ್ನ 5,400ರ ಮಹಾಗನಿಗೆ.

ಒಳ್ಳೆಯ ಸಾಲಿಡ್ ಟಾಪ್‌ನ ಧ್ವನಿಯ ಆಳ ದೊಡ್ಡದು. ಇಲ್ಲ ಅನ್ನುವುದಿಲ್ಲ. ಎಸಿ ಕೋಣೆಯಲ್ಲೇ ಇಟ್ಟು ಅಲ್ಲೇ ನುಡಿಸುವವರು ಧಾರಾಳವಾಗಿ ಕೊಳ್ಳಲಿ. ಬಸ್ಸಿನಲ್ಲಿ ಕ್ಲಾಸಿಗೆ ಬಂದು, ಭಾನುವಾರ ಇಗರ್ಜಿಯಲ್ಲಿ, ಸಂಜೆ ತಣ್ಣೀರುಬಾವಿ ಕಡಲ ಬದಿಯಲ್ಲಿ ನುಡಿಸುವ ಮಕ್ಕಳಿಗೆ ಅದು ಬೇಡ. ಕಡಲ ಬದಿಗೆ ನಾನೇ ಒಯ್ಯುವುದು ಪ್ಲಾಸ್ಟಿಕ್ ಬೆನ್ನಿನ ಫ್ಲೈಟ್ ಕಂಪನಿಯ ಟ್ರಾವೆಲ್ ಸೊಪ್ರಾನೊ. ಪ್ಲಾಸ್ಟಿಕ್ ಅಂತ ಮೂಗು ಮುರಿಯುವವರು ತಿಳಿಯಲಿ, ದೊಡ್ಡ ಗಿಟಾರ್ ತಯಾರಕ ಮಾರಿಯೊ ಮಕಾಫೆರಿ 1949ರಲ್ಲೇ ಪ್ಲಾಸ್ಟಿಕ್ ಯುಕುಲೇಲಿ ಮಾಡಿ ಲಕ್ಷಗಟ್ಟಲೆ ಮಾರಿದ್ದ.

ವಿನ್ಯಾಸದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬ್ರಿಡ್ಜ್ ಮೊದಲು ನೋಡುತ್ತೇನೆ. ತಂತಿ ಟಾಪ್‌ನ ತೂತಿನಿಂದ ಒಳಗಿಳಿದು ಗಂಟು ಹಾಕುವಂಥ ಬ್ರಿಡ್ಜ್ ಇದ್ದರೆ ತುಂಬ ಒಳ್ಳೆಯದು, ಎಳೆತ ಅಂಟಿನ ಮೇಲಷ್ಟೇ ಬೀಳುವುದಿಲ್ಲ. ಆಮೇಲೆ ಫೋನನ್ನು ಸೌಂಡ್‌ಹೋಲ್ ಹತ್ತಿರ ಹಿಡಿದು ಒಳಗಿನ ಫೋಟೋ ತೆಗೆಯುತ್ತೇನೆ. ಅಂಟು ಸುರಿದು ಗಡ್ಡೆ ಕಟ್ಟಿದ್ದರೆ ವಾಪಸ್. ಶ್ರುತಿ ಮಾಡುವ ಕೀಲಿಗಳು ಗೇರ್ ಇರುವವೇ ಆಗಬೇಕು. ಅನಾನಸ್ ಆಕಾರ ನನಗೆ ಇಷ್ಟ. ಸೊಪ್ರಾನೊದಲ್ಲಿ ಒಳಗಿನ ಜಾಗ ಸ್ವಲ್ಪ ಜಾಸ್ತಿಯಾಗಿ ಧ್ವನಿ ತುಂಬಿಕೊಳ್ಳುತ್ತದೆ. ಆದರೆ ಸೊಂಟ ಇಲ್ಲದ ಕಾರಣ ಸಣ್ಣ ಮಕ್ಕಳ ತೊಡೆಯಿಂದ ಜಾರುತ್ತದೆ, ಕ್ಲಾಸಿಗೆ ಆಗದು. ಕಟ್‌ಅವೇ (ಮೇಲಿನ ಫ್ರೆಟ್‌ಗಳಿಗೆ ಕೈ ಹೋಗಲು ಕತ್ತರಿಸಿದ ಭುಜ) ಬೇಡ. ಯಾರು ಹೋಗುತ್ತಾರೆ 15ನೇ ಫ್ರೆಟ್‌ಗೆ?

ಈಗ ಮೀನುಗಾಳದ ಕಥೆ. ಅಂಗಡಿಯ ಒಂದು ಸೆಟ್ ತಂತಿಗೆ 500-600 ರೂಪಾಯಿ. 11 ವಾದ್ಯ, ವರ್ಷಕ್ಕೆ ಎರಡು ಸಲ, ಲೆಕ್ಕ ಹಾಕಿ. ಮೊದಲು ಬಂದರಿನ ಗಾಳದ ಅಂಗಡಿಯಿಂದ 80 ರೂಪಾಯಿಯ ನೈಲಾನ್ ತಂದು ಹಾಕಿದೆ. ನೈಲಾನ್ ತೇವ ಹೀರುತ್ತದೆ, ಮಳೆಗಾಲದಲ್ಲಿ ಬೆಳಿಗ್ಗೆ ಮಾಡಿದ ಶ್ರುತಿ ಸಂಜೆಗೆ ಇರುತ್ತಿರಲಿಲ್ಲ. ಆಮೇಲೆ ಫ್ಲೋರೋಕಾರ್ಬನ್ ಗಾಳದ ನೂಲು ತಂದೆ. ಅದು ನೀರು ಕುಡಿಯುವುದೇ ಇಲ್ಲ ಅನ್ನಬಹುದು. ನೈಲಾನ್‌ಗಿಂತ ಭಾರ, ಹಾಗಾಗಿ ತೆಳ್ಳಗಿನದೇ ಸಾಕು. ಎ ತಂತಿಗೆ ಅರ್ಧ ಮಿಲಿಮೀಟರ್ ಹತ್ತಿರ, ಸಿ ತಂತಿಗೆ 0.8 ಹತ್ತಿರ. ಇ ಮತ್ತು ಜಿ ತಂತಿಗೆ ನಾನು ಹಾಕುವ ಅಳತೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಎರಡು ವರ್ಷದ ಶ್ರಮ. ನಾಲ್ಕು ಸುರುಳಿಗೆ ಸುಮಾರು 4,000 ಬಿತ್ತು. ಈಗ ಒಂದು ಸೆಟ್ 50-60 ರೂಪಾಯಿಯಲ್ಲಿ ಮುಗಿಯುತ್ತದೆ. ಬ್ರಿಡ್ಜ್ ಮೇಲೆ ತಂತಿ ಕೂರುವ ಪ್ಲಾಸ್ಟಿಕ್ ಸ್ಯಾಡಲ್ ತೆಗೆದು ಮೂಳೆಯದ್ದು ಹಾಕಿಯೂ ನೋಡಿದೆ. ಬಾಗಿಲ ಹಿಂದೆ ನಿಂತರೆ ವ್ಯತ್ಯಾಸ ಕೇಳಲಿಲ್ಲ.

ಒಂದು ಆಸೆ ಮಾತ್ರ ಇನ್ನೂ ಬಾಕಿ ಇದೆ. ಹವಾಯಿಯವರು ಹೊಗಳುವ ಕೋವಾ ಮರ ನಮ್ಮ ಗುಡ್ಡಗಳಲ್ಲಿ ನೆಟ್ಟ ಅಕೇಶಿಯಾದ ನೆಂಟ. ಮದ್ದಳೆಗೆ ಹಲಸು ಹೊಂದುತ್ತದೆ. ಹಾಗಾದರೆ ಯುಕುಲೇಲಿ ಯಾಕಾಗಬಾರದು? ಕಾರ್ಕಳದ ಕಡೆಯ ಬಡಗಿಯೊಬ್ಬರಿಂದ ಹಲಸಿನಲ್ಲಿ ಒಂದು ಸೊಪ್ರಾನೊ ಮಾಡಿಸಿದೆ, 6,000 ರೂಪಾಯಿ. ಟಾಪ್ 4 ಮಿಲಿಮೀಟರ್ ದಪ್ಪ ಬಂತು, ತೂಕ 700 ಗ್ರಾಂ ದಾಟಿತು. ಬಣ್ಣ ಮಾತ್ರ ಹೊಂಬಣ್ಣ, ಕಣ್ಣು ತೆಗೆಯಲಾಗದು. ಧ್ವನಿ ಗೋಡೆ ಬಡಿದ ಹಾಗೆ. ಎರಡನೆಯದನ್ನು 2 ಮಿಲಿಮೀಟರ್‌ಗೆ ಇಳಿಸಿದೆವು. ಮೂರು ತಿಂಗಳು ಚೆನ್ನಾಗಿ ಹಾಡಿತು, ಮಾರ್ಚ್ ಸೆಕೆಯಲ್ಲಿ ಟಾಪ್ ಸೀಳಿತು. ಹಲಗೆ ಇನ್ನೂ ಹಸಿ ಇತ್ತು ಅಂತ ನನ್ನ ಅಂದಾಜು. ಈಗ ಎರಡು ವರ್ಷದಿಂದ ಅಟ್ಟದ ಮೇಲೆ ಒಂದು ಹಲಗೆ ಒಣಗುತ್ತಿದೆ.

ಇನ್ನೊಂದು ಗುಟ್ಟೂ ಇದೆ. ಹೊಸ ವಾದ್ಯ ತಂದ ವಾರದೊಳಗೆ ಸೌಂಡ್‌ಹೋಲ್ ಮೂಲಕ ಒಳಗಿನ ಪಾಲಿಶ್ ಇಲ್ಲದ ಮರಕ್ಕೆ ಒಂದು ಸಲ ತೆಳ್ಳಗೆ ಒಂದು ಲೇಪ ಕೊಡುತ್ತೇನೆ. ಯಾವುದರ ಲೇಪ ಅಂತ ಕ್ಲಾಸಿಗೆ ಬಂದವರಿಗೆ ತೋರಿಸುತ್ತೇನೆ. ಇಟ್ಟುಕೊಳ್ಳುವ ಜಾಗದ ಬಗ್ಗೆ ಮಾತ್ರ ಗುಟ್ಟಿಲ್ಲ. ಮುರಕಲ್ಲಿನ ಹೊರಗೋಡೆಗೆ ನೇತು ಹಾಕಬೇಡಿ, ಮಳೆ ಬಡಿಯುವ ಗೋಡೆ ಬೆವರುತ್ತದೆ. ಒಳಗೋಡೆಗೆ, ಫ್ಯಾನಿನ ಗಾಳಿ ತಾಗುವ ಕಡೆ ಹಾಕಿ.

ಈ ಆಟಿಯಲ್ಲಿ ಗೆಳೆಯನೇ ಛತ್ರಿ ಹಿಡಿದು ನನ್ನ ಜೊತೆ ಅಂಗಡಿಗೆ ಬಂದ. ಅವನಿಗೆ ಲೋ ಜಿ (ಕೆಳಸ್ವರದ ಜಿ ತಂತಿ) ಹಾಕಲು ಒಂದು ಟೆನರ್ ಬೇಕಿತ್ತು. ಮೂರನ್ನು ಮನೆಗೆ ತಂದೆವು, ತೂಗಿದೆವು, ತಂತಿ ಬದಲಿಸಿದೆವು. ನಾಲ್ಕನೇ ದಿನ ಮಗಳು ನುಡಿಸಿದಳು, ಅವನು ಬಾಗಿಲ ಹಿಂದೆ ನಿಂತ. ಅತ್ತೆಯೂ ಅವನ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತು, ಎರಡನೆಯದಕ್ಕೆ ಮೊದಲು ಕೈ ಎತ್ತಿದರು.